ಕಾಪುವಿನಿಂದ ಬಂದ ಒಕ್ಕಲು

ಕಡಿಯಾಳಿಯಿಂದ ಕಾಪುವಿನವರೆಗೆ ಎಲ್ಲೆಲ್ಲಿ ಕಕ್ಕಸು ಉಂಟು ಎಂದು ನನ್ನನ್ನು ಕೇಳಿ. ಅಂಬಲಪಾಡಿಯ ಹತ್ತಿರ ಒಂದು ಹೋಟೆಲು, ಅಲ್ಲಿ ಒಳಗೆ ಬಿಡಬೇಕಾದರೆ ಮೊದಲು ಒಂದು ಕಾಫಿಗೆ ಹೇಳಬೇಕು. ಉದ್ಯಾವರದ ಕಡೆ ಒಂದು ಪೆಟ್ರೋಲ್ ಬಂಕು, ಅಲ್ಲಿಯ ಬಾಗಿಲಿಗೆ ಚಿಲಕವಿಲ್ಲ, ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡೇ ಕೂರಬೇಕು. ಕಟಪಾಡಿಯಲ್ಲಿ ಒಂದು ಬಟ್ಟೆ ಅಂಗಡಿ, ಯಜಮಾನರಿದ್ದರೆ ಬಿಡುತ್ತಾರೆ, ಅವರ ಹೆಂಡತಿ ಇದ್ದರೆ ಬಿಡುವುದಿಲ್ಲ. ಅಲ್ಲಿಂದ ಕಾಪು ಬರುವವರೆಗೆ ದೇವರೇ ಗತಿ. ಇದನ್ನೆಲ್ಲ ಹೀಗೆ ಬರೆಯಲು ನಾಚಿಕೆಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ನಾಲ್ಕು ವರ್ಷ ನಾಚಿಕೊಂಡದ್ದು ಸಾಕಾಗಿದೆ.

ನಾನು ಕಾಪುವಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮದುವೆಯಾಗಲಿಲ್ಲ. ಅದಕ್ಕೆ ಕಾರಣ ಕೇಳುವವರಿಗೆ ಬೇರೆ ಬೇರೆ ಉತ್ತರ ಇಟ್ಟುಕೊಂಡಿದ್ದೇನೆ. ಕಡಿಯಾಳಿಯಲ್ಲಿ ಒಂದು ಫ್ಲ್ಯಾಟಿನಲ್ಲಿ ನಾನು ಮತ್ತು ಅಮ್ಮ ಇದ್ದೇವೆ. ನಮ್ಮದು ಮಡಿ ಮನೆ. ಈರುಳ್ಳಿ ಬೆಳ್ಳುಳ್ಳಿಗೂ ಒಳಗೆ ಬರಲು ಅಮ್ಮನ ಅನುಮತಿ ಬೇಕು, ಇನ್ನು ಮೀನಿನ ಮಾತೇ ಬೇಡ. ಕೆಳಗಿನ ಫ್ಲ್ಯಾಟಿನವರು ಭಾನುವಾರ ಮೀನು ಹುರಿದರೆ ನಮ್ಮ ಕಿಟಕಿಗಳು ಫಟಫಟನೆ ಮುಚ್ಚಿಕೊಳ್ಳುತ್ತವೆ. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಮ್ಮನ ಕೋಪ ಮಾತ್ರ ಯಾವ ಭಾಷೆಯಲ್ಲಿಯೂ ಒಂದೇ.

ನನಗೆ ಬಂದದ್ದು ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಮೈ ಉರಿದು ಹುಣ್ಣಾಗುವುದು. ದಿನಕ್ಕೆ ಹತ್ತು ಹನ್ನೆರಡು ಸಲ ಹೋಗಬೇಕು, ಹೋದಾಗೆಲ್ಲ ರಕ್ತ. ಮೊದಲು ಮೂಲವ್ಯಾಧಿ ಎಂದು ಆರು ತಿಂಗಳು ಮಜ್ಜಿಗೆ ಕುಡಿದೆ. ಆಮೇಲೆ ಯಾರದ್ದೋ ದೃಷ್ಟಿ ಎಂದು ಅಮ್ಮ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಕಡೆಗೆ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಕೊಲೊನೋಸ್ಕೋಪಿ ಮಾಡಿದ ಡಾಕ್ಟರು ಪರದೆಯ ಮೇಲೆ ನನ್ನದೇ ಕರುಳನ್ನು ತೋರಿಸಿದರು. ಕೆಂಪಗೆ, ಮೊಣಕಾಲು ತರಚಿಕೊಂಡ ಮಗುವಿನ ಚರ್ಮದ ಹಾಗೆ ಇತ್ತು. ನೋಡಿ ಅಳು ಬರಲಿಲ್ಲ, ಸಿಟ್ಟು ಬಂತು. ಇಷ್ಟು ದಿನ ಮಜ್ಜಿಗೆ ಕುಡಿಸಿದವರನ್ನೆಲ್ಲ ಕರೆದು ತೋರಿಸಬೇಕು ಅನ್ನಿಸಿತು.

ಆ ಡಾಕ್ಟರು ಚಿಕ್ಕ ವಯಸ್ಸಿನವರು, ಮಾತು ನಿಧಾನ. "ಕರುಳು ನಿಮ್ಮ ಒಬ್ಬರದ್ದಲ್ಲ ಟೀಚರ್" ಎಂದರು. "ಅಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಒಕ್ಕಲು ಇದ್ದಾವೆ. ನೀವು ತಿಂದ ನಾರನ್ನು ಅವು ಒಡೆಯುತ್ತವೆ, ಅದರಿಂದ ಬರುವ ಸಾರವನ್ನೇ ಕರುಳಿನ ಒಳಮೈ ಉಣ್ಣುವುದು. ನಿಮ್ಮಲ್ಲಿ ಒಳ್ಳೆಯ ಒಕ್ಕಲು ಎಷ್ಟೋ ಬಿಟ್ಟು ಹೋಗಿವೆ. ಉಳಿದವುಗಳ ಮೇಲೆ ನಿಮ್ಮ ಶರೀರವೇ ಯುದ್ಧಕ್ಕೆ ನಿಂತಿದೆ."

"ಅವು ಹೋದದ್ದಕ್ಕೆ ಕಾಯಿಲೆ ಬಂದದ್ದಾ, ಕಾಯಿಲೆ ಬಂದದ್ದಕ್ಕೆ ಅವು ಹೋದದ್ದಾ?" ಎಂದು ಕೇಳಿದೆ.

"ಅದು ಪೂರ್ತಿ ಗೊತ್ತಾದರೆ ನಾನು ಹೀಗೆ ಇಲ್ಲಿ ಕೂತಿರುತ್ತಿರಲಿಲ್ಲ" ಎಂದು ನಕ್ಕರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಡಾಕ್ಟರು ಸಿಕ್ಕಿದ್ದು ನನ್ನ ಪುಣ್ಯ.

ಎಂಟನೇ ತರಗತಿಗೆ ವರ್ಷಾ ವರ್ಷ ಸೂಕ್ಷ್ಮಜೀವಿಗಳ ಪಾಠ ಮಾಡಿದವಳು ನಾನು. ಹಾಲು ಮೊಸರಾಗುವುದು ಹೇಗೆ, ಹಿಟ್ಟು ಹುಳಿ ಬರುವುದು ಹೇಗೆ ಎಂದು ಬೋರ್ಡಿನ ಮೇಲೆ ಬರೆದು, ಮಕ್ಕಳ ಕೈಯಲ್ಲಿ ಓದಿಸಿ, ಅಂಕ ಕೊಟ್ಟವಳು. ನನ್ನ ಹೊಟ್ಟೆಯೊಳಗೇ ಅಷ್ಟು ದೊಡ್ಡ ಊರು ಇದ್ದು ಅದು ಹಾಳು ಬಿದ್ದದ್ದು ನನಗೆ ತಿಳಿಯಲಿಲ್ಲ.

ಬಸ್ಸಿನಲ್ಲಿ ಹೋಗಿ ಬರುವುದೇ ಒಂದು ಹೋರಾಟವಾಯಿತು. ಒಂದು ದಿನ ಬೆಳಿಗ್ಗೆ ಕಾಪುವಿನಲ್ಲಿ ಇಳಿದವಳಿಗೆ ಶಾಲೆಯವರೆಗೆ ನಡೆಯಲಿಕ್ಕೆ ಆಗಲಿಲ್ಲ. ಎದುರಿಗಿದ್ದ ಫ್ಯಾನ್ಸಿ ಅಂಗಡಿಗೆ ನುಗ್ಗಿದೆ. ಗಲ್ಲಾದಲ್ಲಿ ಬುರ್ಖಾ ಹಾಕಿದ ಹೆಂಗಸೊಬ್ಬಳು ಬಳೆಗಳನ್ನು ಅಳತೆಯ ಪ್ರಕಾರ ಜೋಡಿಸುತ್ತಿದ್ದಳು. ನನ್ನ ಮುಖ ನೋಡಿದ್ದೇ, ಎಂತ ಏನು ಎಂದು ಕೇಳದೆ, ಕೈ ಹಿಡಿದು ಅಂಗಡಿಯ ಹಿಂದಿದ್ದ ತನ್ನ ಮನೆಯೊಳಗೆ ಕರೆದುಕೊಂಡು ಹೋಗಿ ಕಕ್ಕಸಿನ ಬಾಗಿಲು ತೋರಿಸಿದಳು. ಹೊರಗೆ ಬಂದಾಗ ಒಂದು ಟವೆಲು ಹಿಡಿದುಕೊಂಡು ನಿಂತಿದ್ದಳು. "ನಾಳೆಯೂ ಬನ್ನಿ ಟೀಚರ್. ಶಟರು ಹಾಕಿದ್ರೂ ಹಿಂದಿನ ಬಾಗಿಲು ತೆರೆದೇ ಉಂಟು" ಎಂದಳು.

ಹೀಗೆ ಶುರುವಾದ ಸ್ನೇಹ ನಮ್ಮದು. ಅವಳು ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮನೆಯವಳು, ನನಗಿಂತ ಒಂದೆರಡು ವರ್ಷ ಚಿಕ್ಕವಳು. ಗಂಡ ಗಲ್ಫಿನಲ್ಲಿ, ಮಕ್ಕಳು ಮೂವರು. ಅಂಗಡಿ ಅವಳೇ ಕಟ್ಟಿದ್ದು. ಮೂರು ವರ್ಷ ನಾನು ಅವಳ ಮನೆಯ ಪಾಯಿಖಾನೆಗೆ ಹೋಗಿದ್ದೇನೆ. ಮೂರು ವರ್ಷವೂ ಅವಳು ಚಾ ಮಾಡಲಾ ಎಂದು ಕೇಳಿದ್ದಾಳೆ, ನಾನು ಹೊಟ್ಟೆ ಸರಿ ಇಲ್ಲ ಎಂದಿದ್ದೇನೆ. ಅದು ಸುಳ್ಳಲ್ಲ, ಪೂರ್ತಿ ಸತ್ಯವೂ ಅಲ್ಲ.

ಮಾತ್ರೆಗಳು ಒಂದೊಂದಾಗಿ ಸೋತವು. ಸ್ಟೀರಾಯ್ಡಿನಿಂದ ಮುಖ ಊದಿಕೊಂಡು ಹಂಡೆಯಂತಾಯಿತು. "ಟೀಚರ್ ದಪ್ಪ ಆಗಿದ್ದಾರೆ, ಆರೋಗ್ಯ ಸುಧಾರಿಸಿದೆ" ಎಂದು ಸಹೋದ್ಯೋಗಿಗಳು ಸಂತೋಷಪಟ್ಟರು. ಸ್ಟೀರಾಯ್ಡನ್ನು ಕಡಿಮೆ ಮಾಡಿದ ಕೂಡಲೇ ರಕ್ತ ಮತ್ತೆ ಬರುತ್ತಿತ್ತು. ಶಸ್ತ್ರಚಿಕಿತ್ಸೆಯ ಡಾಕ್ಟರೊಬ್ಬರು ಬಂದು, ದೊಡ್ಡ ಕರುಳನ್ನೇ ತೆಗೆದು ಹೊಟ್ಟೆಯ ಪಕ್ಕದಲ್ಲಿ ಮಲ ಬೀಳಲು ಚೀಲ ಕಟ್ಟುವ ವಿಷಯ ಹೇಳಿದರು. ಚೀಲ ಕಟ್ಟಿಕೊಂಡು ಚೆನ್ನಾಗಿ ಬದುಕುವವರು ಬೇಕಾದಷ್ಟು ಮಂದಿ ಇದ್ದಾರೆ, ಅದು ನನಗೆ ಗೊತ್ತು. ಆದರೆ ಕರುಳು ನನ್ನದು, ಕೊಡಲು ನನಗೆ ಮನಸ್ಸಿರಲಿಲ್ಲ. ಇನ್ನೊಂದು ದಾರಿ ಇದ್ದರೆ ಹೇಳಿ ಎಂದು ನನ್ನ ಡಾಕ್ಟರ ಎದುರು ಹಟ ಹಿಡಿದು ಕೂತೆ.

ಅವರು ಸ್ವಲ್ಪ ಹೊತ್ತು ಪೆನ್ನು ತಿರುಗಿಸಿ, "ಒಂದು ಉಂಟು, ಕೇಳಿ ಓಡಿ ಹೋಗಬೇಡಿ" ಎಂದರು. ಆರೋಗ್ಯವಂತರೊಬ್ಬರ ಮಲವನ್ನು ತೆಗೆದುಕೊಂಡು, ಉಪ್ಪುನೀರಿನಲ್ಲಿ ಕದಡಿ, ಸೋಸಿ, ಕೊಳವೆಯ ಮೂಲಕ ನನ್ನ ದೊಡ್ಡ ಕರುಳಿಗೆ ಬಿಡುವುದು. ಅವರ ಬ್ಯಾಕ್ಟೀರಿಯಾಗಳು ನನ್ನಲ್ಲಿ ಬಂದು ನೆಲೆಸಬೇಕು. ಈ ಕಾಯಿಲೆಗೆ ಇದು ಇನ್ನೂ ಹೊಸ ದಾರಿ. ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ಹಿಡಿಯುವುದಿಲ್ಲ. ಗ್ಯಾರಂಟಿ ಇಲ್ಲ. ಶಸ್ತ್ರಚಿಕಿತ್ಸೆಯನ್ನು ತುಂಬಾ ದಿನ ಮುಂದೆ ಹಾಕುವ ಹಾಗೂ ಇಲ್ಲ.

ನಾನು ಓಡಿ ಹೋಗಲಿಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಕಿವಿ ಮುಚ್ಚಿಕೊಂಡು ದೇವರ ಕೋಣೆಗೆ ಹೋದರು. ಒಂದು ಗಂಟೆಯ ಮೇಲೆ ಹೊರಗೆ ಬಂದು, "ಕೊಡುವುದೇ ಆದರೆ ನಮ್ಮ ಪೈಕಿಯವರೇ ಕೊಡಲಿ" ಎಂದರು. ಅಮ್ಮನೇ ಕೊಡಬಹುದಿತ್ತು, ಆದರೆ ಅವರಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಬೇಡ ಎಂದರು. ಆಗ ಅಮ್ಮನ ಕಣ್ಣು ಹೋದದ್ದು ಕಾರ್ಕಳಕ್ಕೆ.

ಕಾರ್ಕಳದಲ್ಲಿ ನನ್ನ ದೊಡ್ಡಪ್ಪನ ಮಗ ಇದ್ದಾನೆ. ಜೆರಾಕ್ಸ್ ಅಂಗಡಿ ನಡೆಸುತ್ತಾನೆ, ಬಿಡುವಿದ್ದಾಗ ಮನೆಗಳಿಗೆ ಹೋಗಿ ಪೂಜೆ ಮಾಡಿಸುತ್ತಾನೆ. ಅಣ್ಣನಂಥ ಶುದ್ಧದ ಮನುಷ್ಯ ನಮ್ಮ ಬಳಗದಲ್ಲಿಯೇ ಇಲ್ಲ. ನೋಟು ಎಣಿಸಿದ ಮೇಲೆ ಕೈ ತೊಳೆಯುತ್ತಾನೆ, ಹೊರಗಿನ ನೀರು ಕುಡಿಯುವುದಿಲ್ಲ, ಹೋಟೆಲಿನ ತಿಂಡಿ ಮುಟ್ಟುವುದಿಲ್ಲ. ಅಮ್ಮ ಫೋನಿನಲ್ಲಿ ಅಳುತ್ತಾ ವಿಷಯ ಹೇಳಿದಾಗ ಅವನು ಒಂದೇ ಮಾತಿಗೆ ಒಪ್ಪಿಕೊಂಡ. ನಾಚಿಕೆಯಿಂದ ಸತ್ತೇ ಹೋದರೂ ತಂಗಿಗಾಗಿ ಕೊಡುತ್ತೇನೆ ಎಂದ. ಈ ಮಾತನ್ನು ನಾನು ಇಂದಿಗೂ ಮರೆತಿಲ್ಲ, ಅವನ ಮೇಲೆ ಏನೇ ಸಿಟ್ಟಿದ್ದರೂ.

ರಕ್ತ ಪರೀಕ್ಷೆ, ಮಲ ಪರೀಕ್ಷೆ ಎಲ್ಲವೂ ಆಯಿತು. ಎಲ್ಲವೂ ಚೆನ್ನಾಗಿತ್ತು. ದಿನ ನಿಗದಿಯಾಯಿತು. ಆ ದಿನ ಬೆಳಿಗ್ಗೆ ಅಣ್ಣ ಹಣೆಗೆ ಗಂಧ ಇಟ್ಟುಕೊಂಡು, ಆಸ್ಪತ್ರೆಯವರು ಕೊಟ್ಟ ಡಬ್ಬಿಯನ್ನು ಮೂರು ಚೀಲದೊಳಗೆ ಸುತ್ತಿ ತಂದ. ಡಾಕ್ಟರು ತೆಗೆದುಕೊಳ್ಳುವ ಮೊದಲು ಇನ್ನೊಮ್ಮೆ ಎಲ್ಲವನ್ನೂ ಕೇಳಿದರು. ಈಚೆಗೆ ಜ್ವರ ಬಂದಿತ್ತಾ? ಇಲ್ಲ. ಭೇದಿ? ಇಲ್ಲ. ಏನಾದರೂ ಮಾತ್ರೆ?

ಅಣ್ಣ ಎದೆ ಸೆಟೆದು ಹೇಳಿದ: "ಅದೆಲ್ಲ ವ್ಯವಸ್ಥೆ ಮಾಡಿಯೇ ಬಂದದ್ದು ಡಾಕ್ಟ್ರೇ. ಅಶುದ್ಧ ಕೊಡ್ಲಿಕ್ಕೆ ಆಗ್ತದಾ? ಮೊದಲು ಹರಳೆಣ್ಣೆ ತಗೊಂಡು ಹೊಟ್ಟೆ ತೊಳೆದೆ. ಆಮೇಲೆ ಮೆಡಿಕಲ್‌ನಿಂದ ಆಂಟಿಬಯಾಟಿಕ್ ತಂದು ಐದು ದಿನದ ಕೋರ್ಸ್ ಮುಗಿಸಿದ್ದೇನೆ. ಒಂದು ಕ್ರಿಮಿಯೂ ಇರ್ಲಿಕ್ಕಿಲ್ಲ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟ ಹಾಗಾಗಿತ್ತು, ಅದೂ ಒಂದೇ ಒಂದು ಇಲಿ ಇಲ್ಲದ ಮನೆಗೆ. ಆ ಕ್ರಿಮಿಗಳಿಗಾಗಿಯೇ ಅಲ್ಲವೇ ನಾವು ಕಾರ್ಕಳದವರೆಗೆ ಕೈ ಚಾಚಿದ್ದು! ಆಂಟಿಬಯಾಟಿಕ್ ತಿಂದ ಮೇಲೆ ಕಡಿಮೆಯೆಂದರೆ ಮೂರು ತಿಂಗಳು ಅವನದ್ದು ಉಪಯೋಗಕ್ಕಿಲ್ಲ. ಮಾತ್ರೆ ತಿನ್ನಬಾರದು ಎಂದು ಕಾಗದದಲ್ಲಿ ಬರೆದುಕೊಟ್ಟಿದ್ದರು. ಅದು ಕೆಟ್ಟ ಮಾತ್ರೆಗಳ ವಿಷಯ ಎಂದು ಅಣ್ಣ ತಿಳಿದುಕೊಂಡಿದ್ದ. ಶುದ್ಧ ಮಾಡುವ ಮಾತ್ರೆ ಹೇಗೆ ಕೆಟ್ಟದ್ದಾಗುತ್ತದೆ ಎಂದು ಅವನಿಗೆ ಹೊಳೆಯಲೇ ಇಲ್ಲ. ನಮ್ಮ ಮನೆಗಳಲ್ಲಿ ಬೆಳೆದ ಯಾರಿಗೂ ಹೊಳೆಯುತ್ತಿರಲಿಲ್ಲ. ಅಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಚಿಕ್ಕ ಮಕ್ಕಳ ಹಾಗೆ ಅತ್ತ. ನಾನು ಅವನ ಬೆನ್ನು ಸವರಿದೆ. ಮನಸ್ಸಿನೊಳಗೆ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.

ಮರುದಿನ ಕಾಪುವಿನ ಹಿಂಬಾಗಿಲಿನ ಮನೆಯಲ್ಲಿ ನನಗೆ ತಡೆದುಕೊಳ್ಳಲು ಆಗಲಿಲ್ಲ. ನನ್ನ ಸ್ನೇಹಿತೆಗೆ ಎಲ್ಲವನ್ನೂ ಹೇಳಿದೆ, ಕರುಳು ತೆಗೆಯುವ ವಿಷಯ, ಡಬ್ಬಿ, ಹರಳೆಣ್ಣೆ, ಐದು ದಿನದ ಕೋರ್ಸು. ಅವಳು ಮೊದಲು ನಕ್ಕಳು. ಬಾಯಿಗೆ ದುಪಟ್ಟಾ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ, "ನಂದು ಆಗ್ತದಾ ಟೀಚರ್?" ಎಂದಳು.

ನಾನು ಕೈಚೀಲ ತೆರೆದು ಏನೋ ಹುಡುಕಲು ಶುರು ಮಾಡಿದೆ. ಅವಳಿಗೆ ಅಷ್ಟು ಸಾಕಾಯಿತು.

"ಎಂತ ಯೋಚನೆ? ಮೂರು ವರ್ಷದಿಂದ ನಮ್ಮ ಮನೆಗೆ ಬರ್ತೀರಿ. ಒಂದು ಲೋಟ ಚಾ ಕುಡಿಯಲಿಲ್ಲ. ನಾನು ಎಂತಾದ್ರೂ ಹೇಳಿದ್ದೇನಾ? ನಿಮಗೆ ನಮ್ಮ ಲೋಟ ಆಗುದಿಲ್ಲ, ನನಗೆ ಗೊತ್ತುಂಟು. ಈಗ ಜೀವದ ವಿಷಯ. ಈಗಲೂ ಆಗುದಿಲ್ಲವಾ?"

ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ಎದುರಿಗೆ ನಿಲ್ಲಿಸಿ ಕೇಳಿರಲಿಲ್ಲ. ನಾನು ಪುಸ್ತಕದಲ್ಲಿ ಓದಿದವಳು, ಜಾತಿ ಮತ ಇಲ್ಲ ಎಂದು ಶಾಲೆಯ ಸ್ಟೇಜಿನಲ್ಲಿ ಭಾಷಣ ಮಾಡಿದವಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು. "ಮೊದಲು ಚಾ ಮಾಡಿ" ಎಂದೆ. ಆ ಚಾ ವಿಪರೀತ ಸಿಹಿ. ಹೊಟ್ಟೆಗೆ ಒಳ್ಳೆಯದಲ್ಲವೆಂದು ಗೊತ್ತಿದ್ದರೂ ಪೂರ್ತಿ ಕುಡಿದೆ.

ಅವಳ ಪರೀಕ್ಷೆಗಳೂ ಒಂದೊಂದಾಗಿ ಮುಗಿದವು. ಎಲ್ಲದರಲ್ಲೂ ಪಾಸು. ಡಾಕ್ಟರಿಗೆ ಖುಷಿ. ಮಾತ್ರೆ ತಿನ್ನದವಳು, ಸೊಪ್ಪು ಕಾಳು ಮೀನು ಎಲ್ಲ ತಿನ್ನುವವಳು, ಮೂರು ಮಕ್ಕಳ ಹಿಂದೆ ಓಡಾಡುವವಳು. ನಾನು ಸಸ್ಯಾಹಾರಿ, ಅವಳು ಮೀನು ತಿನ್ನುವವಳು, ಅದರಿಂದ ತೊಂದರೆಯೇ ಎಂದು ಕೇಳಿದೆ. ಅದು ತೊಂದರೆಯೇ ಅಲ್ಲ ಎಂದರು.

ಮನೆಯಲ್ಲಿ ಮಾತ್ರ ಅದೇ ದೊಡ್ಡ ತೊಂದರೆಯಾಯಿತು. ಅಮ್ಮ ಎರಡು ದಿನ ಊಟ ಬಿಟ್ಟರು. ನಾನೂ ಬಿಟ್ಟೆ. ನನ್ನದು ಹೇಗೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ಆದ್ದರಿಂದ ಆ ಸ್ಪರ್ಧೆಯಲ್ಲಿ ನಾನೇ ಗೆದ್ದೆ. ಮೂರನೆಯ ದಿನ ಅಮ್ಮ ಷರತ್ತು ಹಾಕಿದರು. "ಹಾಗಾದರೆ ಅವಳು ಒಂದು ತಿಂಗಳು ಮೀನು ಮಾಂಸ ಬಿಡಲಿ. ಆಮೇಲೆ ನೋಡುವ."

"ಕೊಡುವವಳು ಅವಳು, ಷರತ್ತು ನಮ್ಮದಾ?" ಎಂದೆ. "ಅವಳ ಕಿವಿಗೆ ಈ ಮಾತು ನನ್ನ ಬಾಯಿಂದ ಹೋಗುವುದಿಲ್ಲ. ಒಂದು ತಿಂಗಳು ಕಾಯಲು ನನ್ನ ಕರುಳೂ ತಯಾರಿಲ್ಲ."

"ಹಾಗಾದರೆ ಯಾರಿಗೂ ಹೇಳಬೇಡ. ಕಾರ್ಕಳದ ಅಣ್ಣನದ್ದೇ ಎಂದು ಹೇಳುವ." ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಇದು ಅಮ್ಮನ ಬುದ್ಧಿ. ನಾನು ಹೂಂ ಎನ್ನಲಿಲ್ಲ, ಉಹೂಂ ಎಂದೂ ಎನ್ನಲಿಲ್ಲ. ಅದು ನಾನು ಮಾಡಿದ ತಪ್ಪು. ದಣಿದಿದ್ದೆ.

ನಿಗದಿಯಾದ ದಿನ ಸ್ನೇಹಿತೆ ಕಾಪುವಿನಿಂದ ಮಣಿಪಾಲಕ್ಕೆ ರಿಕ್ಷಾದಲ್ಲಿ ಬಂದಳು. ತನ್ನ ಅಂಗಡಿಯ ಹೂವಿನ ಚಿತ್ರದ ಕವರಿನಲ್ಲಿ ಡಬ್ಬಿ. ರಿಕ್ಷಾದವನು ಎಂತ ಸ್ವೀಟಾ ಎಂದು ಕೇಳಿದನಂತೆ. ಹೌದು, ಪೇಷಂಟಿಗೆ ಎಂದಳಂತೆ. ಮತ್ತೂ ಕೆಲವು ವಾರ ಹೀಗೆಯೇ ಬಂದಳು, ಪ್ರತಿ ಸಲವೂ ಬೇರೆ ಬಣ್ಣದ ಕವರು.

ಮೊದಲ ಸಲ ಮುಗಿಸಿ ಮನೆಗೆ ಬಂದಾಗ ಅಮ್ಮ ಬಾಗಿಲಲ್ಲಿಯೇ ತಡೆದರು. ಕೈಯಲ್ಲಿ ಬೆಳ್ಳಿಯ ಲೋಟ, ಅದರಲ್ಲಿ ಪಂಚಗವ್ಯ. "ಒಂದು ಗುಟುಕು ತಗೊ. ಶುದ್ಧ ಆಗಿ ಒಳಗೆ ಬಾ."

ನಾನು ಲೋಟ ನೋಡಿದೆ. ಹಾಲು, ಮೊಸರು, ತುಪ್ಪ, ಗಂಜಲ, ಸಗಣಿ. "ಅಮ್ಮ, ದನದ್ದು ಬಾಯಲ್ಲಿ ಹೋದರೆ ಶುದ್ಧ, ಮನುಷ್ಯರದ್ದು ಕೊಳವೆಯಲ್ಲಿ ಹೋದರೆ ಅಶುದ್ಧವಾ? ನಾನು ಕುಡಿಯುವುದಿಲ್ಲ. ನನ್ನ ಒಳಗೆ ಈಗಷ್ಟೇ ಒಕ್ಕಲು ಬಂದಿದ್ದಾರೆ, ಅವರನ್ನು ಓಡಿಸುವ ಯಾವುದನ್ನೂ ಮುಟ್ಟುವುದಿಲ್ಲ" ಎಂದೆ. ಅಮ್ಮನನ್ನು ಬದಿಗೆ ಸರಿಸಿ ಒಳಗೆ ಹೋದೆ. ಅಮ್ಮನ ಮೈಗೆ ಕೈ ಹಚ್ಚಿ ಸರಿಸಿದ್ದು ಅದೇ ಮೊದಲು.

ಮೂರನೆಯ ವಾರ ರಕ್ತ ಕಡಿಮೆಯಾಯಿತು. ಎರಡನೆಯ ತಿಂಗಳಲ್ಲಿ ನಿಂತಿತು. ಒಂದು ದಿನ ಬೆಳಿಗ್ಗೆ ಬಸ್ಸಿನಲ್ಲಿ ಕುಳಿತವಳು ಎಲ್ಲಿಯೂ ಇಳಿಯದೆ ಕಾಪುವಿನವರೆಗೆ ಬಂದು ಮುಟ್ಟಿದೆ. ಇಳಿದು ರಸ್ತೆ ಬದಿಯಲ್ಲಿ ನಿಂತು ಜೋರಾಗಿ ನಕ್ಕೆ. ಡಾಕ್ಟರು ಮತ್ತೆ ಕೊಲೊನೋಸ್ಕೋಪಿ ಮಾಡಿ ಪರದೆ ತೋರಿಸಿದರು. ಪೂರ್ತಿ ಅಲ್ಲ, ಆದರೆ ಹೆಚ್ಚಿನ ಭಾಗ ತಿಳಿಗುಲಾಬಿ ಬಣ್ಣ. ಕರುಳು ತೆಗೆಯುವ ಮಾತನ್ನು ಸದ್ಯಕ್ಕೆ ಯಾರೂ ಎತ್ತಲಿಲ್ಲ.

ಅಮ್ಮ ಸತ್ಯನಾರಾಯಣ ಪೂಜೆಯ ಹರಕೆ ಹೇಳಿಕೊಂಡಿದ್ದರಂತೆ. ಮಾಡಲಿ, ನನಗೇನು ತಕರಾರು? ಕಾರ್ಕಳದಿಂದ, ಇನ್ನಂಜೆಯಿಂದ ನೆಂಟರೆಲ್ಲ ಬಂದರು. ನಮ್ಮ ಸಣ್ಣ ಹಾಲ್‌ನಲ್ಲಿ ಕಾಲಿಡಲು ಜಾಗವಿಲ್ಲ. ಪೂಜೆ ಮುಗಿದು ಮಂಗಳಾರತಿ ಆದ ಮೇಲೆ ಅಮ್ಮ ಒಂದು ತಟ್ಟೆ ತಂದರು. ಜರಿ ಶಾಲು, ತೆಂಗಿನಕಾಯಿ, ಹಣ್ಣು, ವೀಳ್ಯ. ಅಣ್ಣನನ್ನು ಮಣೆಯ ಮೇಲೆ ಕೂರಿಸಿ ಶಾಲು ಹೊದೆಸಿದರು. "ನನ್ನ ಮಗಳಿಗೆ ಜೀವದಾನ ಮಾಡಿದವನು ಇವನು" ಎಂದು ಎಲ್ಲರ ಎದುರು ಹೇಳಿ ಕಣ್ಣೊರೆಸಿಕೊಂಡರು. ನೆಂಟರೆಲ್ಲ ಚಪ್ಪಾಳೆ ತಟ್ಟಿದರು. ಅಣ್ಣ ತಲೆ ತಗ್ಗಿಸಿ ಮಣೆಯ ಮೂಲೆಯನ್ನು ಉಗುರಿನಿಂದ ಕೆರೆಯುತ್ತಿದ್ದ.

ನನಗೆ ಮೈ ಉರಿಯಿತು. ಅಷ್ಟು ದಿನ ಕರುಳು ಉರಿದಿತ್ತು, ಆ ಹೊತ್ತು ಇಡೀ ಮೈ. ಹಿಂದಿನ ವಾರವಷ್ಟೇ ಸ್ನೇಹಿತೆಯನ್ನು ಕೇಳಿದ್ದೆ, ನಿಮ್ಮದೆಂದು ಹೇಳಿದರೆ ಬೇಸರವಾ ಎಂದು. "ನನಗೆಂತ ಬೇಸರ ಮಾರಾಯ್ತಿ? ಕದ್ದದ್ದಾ? ಹೆಸರು ಮಾತ್ರ ಬೇಡ, ಅಂಗಡಿಗೆ ಬಂದವರೆಲ್ಲ ಬಳೆ ಬಿಟ್ಟು ಅದನ್ನೇ ಕೇಳಿಯಾರು" ಎಂದಿದ್ದಳು.

"ಅಮ್ಮ, ಅದು ಅಣ್ಣನದ್ದಲ್ಲ" ಎಂದೆ. ಚಪ್ಪಾಳೆ ನಿಂತಿತ್ತು, ಎಲ್ಲರಿಗೂ ಕೇಳಿಸಿತು. "ನನಗೆ ಕೊಟ್ಟದ್ದು ಕಾಪುವಿನ ನನ್ನ ಸ್ನೇಹಿತೆ. ಬ್ಯಾರಿ ಹೆಂಗಸು, ಮೀನು ತಿನ್ನುವವಳು. ಅವಳ ಹೊಟ್ಟೆಯಲ್ಲಿದ್ದದ್ದು ಈಗ ನನ್ನ ಹೊಟ್ಟೆಯಲ್ಲಿ ಉಂಟು, ಅದರಿಂದಲೇ ನಾನು ನಿಮ್ಮ ಎದುರು ನಿಂತದ್ದು. ಶಾಲು ಹೊದೆಸುವುದಾದರೆ ಅವಳಿಗೆ ಹೊದೆಸಿ. ನನ್ನ ಜೊತೆ ಪಂಕ್ತಿಯಲ್ಲಿ ಕೂರಲು ಆಗದವರು ಈಗಲೇ ಹೇಳಿ, ಎಲೆ ಹಾಳಾಗುವುದು ಬೇಡ."

ಯಾರೋ "ಶಿವ ಶಿವ" ಎಂದರು. ಆಗ ಅಣ್ಣ ಎದ್ದು ನಿಂತ. "ಹೌದು, ನನ್ನದು ತೆಗೆದುಕೊಳ್ಳಲಿಲ್ಲ. ನಾನು ಶುದ್ಧ ಮಾಡ್ಲಿಕ್ಕೆ ಹೋಗಿ ಎಲ್ಲ ಕೊಂದು ಹಾಕಿದ್ದೆ" ಎಂದು ಶಾಲು ಮಡಚಿ ತಟ್ಟೆಯಲ್ಲಿಟ್ಟು, ಹೋಗಿ ನನ್ನ ಪಕ್ಕದ ಎಲೆಗೆ ಕುಳಿತ. ಏಳೆಂಟು ಮಂದಿ ಊಟ ಮಾಡದೆ ಹೊರಟರು. ಉಳಿದವರು ಉಂಡರು. ಅದರಲ್ಲಿ ಕೆಲವರು ಹೋಳಿಗೆಗಾಗಿ ಉಳಿದವರು ಎಂದು ನನಗೆ ಗೊತ್ತು, ಇರಲಿ. ಅಮ್ಮ ಬಡಿಸಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು, ಆಮೇಲೆ ತಿಂಗಳುಗಟ್ಟಲೆ ನನ್ನೊಡನೆ ಬೇಕಾದಷ್ಟೇ ಮಾತು. ನಾನು ಕ್ಷಮೆ ಕೇಳಲಿಲ್ಲ. ಆ ದಿನದ ಸಿಟ್ಟಿನಲ್ಲಿ ಕಾಪುವಿಗೆ ಹೋಗಿ ಸ್ನೇಹಿತೆಯ ಎದುರು ಎಲ್ಲವನ್ನೂ ಕಾರಿಕೊಂಡೆ. ಅಮ್ಮ ಹಿಂದೆ ಹಾಕಿದ್ದ ಆ ಒಂದು ತಿಂಗಳ ಷರತ್ತೂ ಬಾಯಿಗೆ ಬಂದುಬಿಟ್ಟಿತು. ಅವಳು ಬಳೆ ಜೋಡಿಸುತ್ತಲೇ ಕೇಳಿಸಿಕೊಂಡಳು.

ಕಾಯಿಲೆಗೆ ನಮ್ಮ ಭಾಷಣ ಕೇಳಿಸುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಮತ್ತೆ ಸ್ವಲ್ಪ ರಕ್ತ ಕಂಡಿತು. ಬಂದು ನೆಲೆಸಿದವರಲ್ಲಿ ಕೆಲವರು ಬಿಟ್ಟು ಹೋಗಿರಬಹುದು, ಇನ್ನೊಂದು ಸುತ್ತು ಕೊಟ್ಟು ನೋಡುವ, ಹಿಡಿಯದಿದ್ದರೆ ಮತ್ತೆ ಆ ಚೀಲದ ಮಾತು ಎಂದರು ಡಾಕ್ಟರು. ಸ್ನೇಹಿತೆಗೆ ಹೇಳಿದೆ, ಕೂಡಲೇ ಒಪ್ಪಿದಳು. ಪರೀಕ್ಷೆಗಳೆಲ್ಲ ಮತ್ತೆ ಮೊದಲಿನಿಂದ ಶುರುವಾಗಿ ತಿಂಗಳಿಗಿಂತ ಹೆಚ್ಚೇ ಹಿಡಿಯಿತು. ಅಮ್ಮನಿಗೆ ನಾನು ಹೇಳಲಿಲ್ಲ. ಬಚ್ಚಲಿನಲ್ಲಿ ನನ್ನ ಬಟ್ಟೆ ನೋಡಿ ಅವರಿಗೇ ತಿಳಿಯಿತು.

ಆಸ್ಪತ್ರೆಗೆ ಹೋಗಬೇಕಾದ ದಿನಕ್ಕೆ ಇನ್ನೂ ಒಂದು ವಾರವಿತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಅಂಗಡಿಗೆ ಬಂದರೆ, ಅಲ್ಲಿ ಗಲ್ಲಾದ ಎದುರಿನ ಸ್ಟೂಲಿನ ಮೇಲೆ ಅಮ್ಮ ಕುಳಿತಿದ್ದಾರೆ! ಕಡಿಯಾಳಿಯಿಂದ ಒಬ್ಬರೇ ಬಸ್ಸು ಹತ್ತಿ ಬಂದಿದ್ದರು. ಹೊರಗೆ ಎಲ್ಲಿಯೂ ನೀರು ಕುಡಿಯದವರು, ತುಟಿ ಒಣಗಿತ್ತು. ನನ್ನ ಸ್ನೇಹಿತೆ ಕೈಕಟ್ಟಿ ನಿಂತಿದ್ದಳು. ಅಂಥ ಗಟ್ಟಿಗಿತ್ತಿ ಅಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ.

"ಹೆದರ್ಬೇಡಿ ಅಮ್ಮ" ಎನ್ನುತ್ತಿದ್ದಳು. "ಈ ಸಲ ನಿಮಗೆ ಬೇಸರ ಆಗ್ಲಿಕ್ಕಿಲ್ಲ. ಇನ್ನೊಮ್ಮೆ ಬೇಕು ಅಂತ ಟೀಚರ್ ಹೇಳಿದ ದಿನದಿಂದ ನಾನು ಮೀನು ಮುಟ್ಟಲಿಲ್ಲ. ಮಾಂಸವೂ ಇಲ್ಲ. ತಿಂಗಳು ದಾಟಿತು. ಬೇಕಾದ್ರೆ ನನ್ನ ಮಕ್ಕಳನ್ನು ಕೇಳಿ."

ನಾನು ಬಾಗಿಲಲ್ಲಿಯೇ ನಿಂತುಬಿಟ್ಟೆ. ಅಮ್ಮನ ಷರತ್ತನ್ನು ಯಾರೂ ಕೇಳದೆ ಅವಳು ತಾನಾಗಿ ಪಾಲಿಸಿದ್ದಳು. ಅದನ್ನು ಅವಳ ಕಿವಿಗೆ ಹಾಕಿದ್ದು ನಾನೇ.

ಅಮ್ಮನ ಮುಖ ಕೆಂಪಾಯಿತು. "ಯಾರು ಹೇಳಿದ್ದು ನಿನಗೆ ಬಿಡಲಿಕ್ಕೆ? ಬುದ್ಧಿ ಉಂಟಾ?" ಎಂದು ಎದ್ದು ನಿಂತರು. "ಹೋದ ಸಲ ನೀನು ಮೀನು ತಿಂದು ಕೊಟ್ಟದ್ದಲ್ವಾ? ಅದರಿಂದ ಅಲ್ವಾ ನನ್ನ ಮಗಳು ಎದ್ದು ಓಡಾಡಿದ್ದು? ಒಬ್ಬ ಶುದ್ಧ ಮಾಡ್ಲಿಕ್ಕೆ ಹೋಗಿ ಹಾಳು ಮಾಡಿದ್ದು ಸಾಕಾಗ್ಲಿಲ್ಲವಾ? ಈಗ ನೀನೂ ಶುರು ಮಾಡಿದ್ಯಾ?"

"ಅಮ್ಮ, ನಿಮಗೆ ಬೇಸರ ಆಗ್ಬಾರ್ದು ಅಂತ..."

"ನನ್ನ ಬೇಸರ ನಾನು ನೋಡಿಕೊಳ್ತೇನೆ. ಮನೆಯಲ್ಲಿ ಇವತ್ತು ಮೀನು ಉಂಟಾ?"

"ಮಕ್ಕಳಿಗೆ ಮಾಡಿದ ಬಂಗುಡೆ ಸಾರು ಉಂಟು."

"ಹಾಗಾದರೆ ಹೋಗಿ ಊಟ ಮಾಡು. ದಿನಾ ತಿನ್ನು, ಮೊದಲು ಹೇಗೆ ತಿನ್ತಿದ್ದೆಯೋ ಹಾಗೆಯೇ. ಏನೂ ಬದಲಿಸಬೇಡ."

ಅವಳು ನನ್ನ ಕಡೆ ನೋಡಿದಳು. ಹೋಗಿ ಎಂದು ತಲೆಯಾಡಿಸಿದೆ. ಅವಳು ಹಿಂಬಾಗಿಲಿನಿಂದ ಒಳಗೆ ಹೋದಳು. ಅಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳ ಹಿಂದೆಯೇ ಹೊರಟರು. ಹೊಸ್ತಿಲು ದಾಟಿ, ಅಡಿಗೆಮನೆಯ ಬಾಗಿಲಲ್ಲಿ ಒಂದು ಕುರ್ಚಿ ಎಳೆದುಕೊಂಡು, ಅವಳ ತಟ್ಟೆಗೆ ಎದುರಾಗಿ ಕುಳಿತರು. ಮೀನಿನ ಸಾರಿನ ವಾಸನೆ ಇಡೀ ಮನೆ ತುಂಬಿತ್ತು. ಅಮ್ಮ ಮೂಗು ಮುಚ್ಚಿಕೊಳ್ಳಲಿಲ್ಲ. ಅವಳು ಎರಡು ತುತ್ತು ತಿಂದು ಸಂಕೋಚದಿಂದ ಕೈ ನಿಲ್ಲಿಸಿದಾಗ, ನನಗೆ ಚಿಕ್ಕಂದಿನಲ್ಲಿ ಗದರಿಸುತ್ತಿದ್ದ ಅದೇ ದನಿಯಲ್ಲಿ ಹೇಳಿದರು:

"ಎಂತ ನೋಡ್ತಿ? ಇನ್ನೊಂದು ತುಂಡು ಹಾಕಿಕೊ."